ಬುಖ್ತಾಳ ಶುಕ್ರವಾರದ ಊಟ

ನನಗೆ ಕಪ್ಪೆ ಎಂದರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದಯಾಮಯಿ ಎಂದು ಹೊಗಳಬಾರದು. ಜೀರುಂಡೆ ಎಂದರೆ ಇನ್ನೂ ಆಗುವುದಿಲ್ಲ. ಆದರೂ ತಾಬೋರ್ ಊರಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ಈ ವ್ಲಸ್ತಾ, ಐದು ವಾರದಿಂದ ಬೆಳಗ್ಗೆ ಎದ್ದವಳೇ ಕಾಫಿಗೆ ನೀರಿಡುವ ಮೊದಲು ಜೀರುಂಡೆಗಳಿಗೆ ಕ್ಯಾರೆಟ್ ತುರಿಯುತ್ತಿದ್ದಳು. ಬೆರಳ ತುದಿಯೆಲ್ಲ ಕೇಸರಿಯಾಗಿ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಕಪ್ಪೆ ನನ್ನ ಗಂಡ ಹಿನೆಕ್‌ನದು. ಹೆಸರು ಬುಖ್ತಾ. ಪ್ಲಮ್ ಜಾಮ್ ತುಂಬಿಸಿ ಸುಟ್ಟ ನಮ್ಮ ಬುಖ್ತಾ ಬನ್ನುಗಳ ಹಾಗೆ ಅವಳೂ ದುಂಡಗೆ, ಮೆತ್ತಗೆ, ಒಳಗೆ ಏನೋ ತುಂಬಿಕೊಂಡಂತೆ ಕೂತಿರುತ್ತಾಳೆ. ಎಲೆ ಹಸಿರು ಮೈ, ಕಣ್ಣಿನ ಮೇಲೆ ಕೊಬ್ಬಿನ ಮಡಿಕೆ, ಅಂಗೈ ತುಂಬುವಷ್ಟು ಗಾತ್ರ. ಹದಿನಾಲ್ಕು ವರ್ಷದ ಮರಗಪ್ಪೆ. ಬೇರೆಯವರ ಮನೆಯಲ್ಲಿ ಪಿಂಗಾಣಿ ಬಟ್ಟಲು ಜೋಡಿಸಿಡುವ ಜಾಗದಲ್ಲಿ ನಮ್ಮ ಮನೆಯಲ್ಲಿ ಅವಳ ಗಾಜಿನ ಪೆಟ್ಟಿಗೆ. ನನ್ನ ಅಮ್ಮನ ಬಟ್ಟಲುಗಳೆಲ್ಲ ನೆಲಮಾಳಿಗೆ ಸೇರಿವೆ.

ಐದು ವಾರದ ಹಿಂದೆ ಹಿನೆಕ್‌ಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಆಸ್ಪತ್ರೆಯಿಂದ ಬುಡೆಯೊವಿತ್ಸೆ ಊರಿನಲ್ಲಿ ಇಂಥ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಆರೈಕೆ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿ ಅವನು ಗೋಡೆ ಕಡೆ ತಿರುಗಿ ಮಲಗಿದವನು ಯಾರು ಕರೆದರೂ ಈ ಕಡೆ ತಿರುಗಲಿಲ್ಲ. ಒಂದು ದಿನ ನನಗೆ ಬೇರೇನೂ ತೋಚದೆ ಫೋನಿನಲ್ಲಿ ಕಪ್ಪೆ ತೋರಿಸಿದೆ. ಮನುಷ್ಯ ತಿರುಗಿದ! ಅಂದಿನಿಂದ ದಿನಾ ಮಧ್ಯಾಹ್ನದ ಊಟವಾದ ಮೇಲೆ ಅಲ್ಲಿ ಒಬ್ಬ ನರ್ಸ್ ಅವನ ಮುಂದೆ ಫೋನ್ ಹಿಡಿಯುತ್ತಿದ್ದಳು, ಇಲ್ಲಿ ನಾನು ಬುಖ್ತಾಳ ಮುಂದೆ ಫೋನ್ ಹಿಡಿಯುತ್ತಿದ್ದೆ. ಮದುವೆಯಾಗಿ ಮೂವತ್ತೆಂಟು ವರ್ಷ ಕಳೆದರೂ ನನ್ನ ಮುಖವನ್ನು ಅವನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

"ಕಪ್ಪೆ ನೋಡಿದ ದಿನ ಹೇಳಿದ ಹಾಗೆ ಕೇಳ್ತಾರೆ, ಬೆರಳು ಆಡಿಸ್ತಾರೆ, ಮಾತಿಗೂ ಪ್ರಯತ್ನ ಪಡ್ತಾರೆ," ಎಂದಿದ್ದಳು ಆ ನರ್ಸ್. "ನೋಡದೆ ಇದ್ದ ದಿನ ಮತ್ತೆ ಗೋಡೆನೇ. ದಯವಿಟ್ಟು ಅದಕ್ಕೇನೂ ಆಗದ ಹಾಗೆ ನೋಡ್ಕೊಳ್ಳಿ. ನಾನು ತಮಾಷೆ ಮಾಡ್ತಿಲ್ಲ."

ಶನಿವಾರ ಅವನನ್ನು ಮನೆಗೆ ಕಳಿಸುವುದೆಂದು ಗೊತ್ತಾಯಿತು. ಅವನು ಬಾಗಿಲು ದಾಟಿ ಒಳಗೆ ಬಂದಾಗ ಆ ಕಪ್ಪೆ ಬದುಕಿರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಕಪ್ಪೆ ಸಾಕುವುದರಲ್ಲಿ ಏನಿದೆ, ಹುಳ ಎಸೆದರೆ ಆಯಿತು ಎನ್ನುವವರಿಗೆ ಒಂದು ಮಾತು. ಅಂಗಡಿಯಿಂದ ತಂದ ಜೀರುಂಡೆ ಖಾಲಿ ಚೀಲ. ರಟ್ಟಿನ ಮೇಲೆ, ಒಂದು ಚೂರು ಆಲೂಗಡ್ಡೆಯ ಮೇಲೆ ದಿನ ತಳ್ಳಿ ಬಂದಿರುತ್ತದೆ. ಅದನ್ನು ಹಾಗೇ ಹಾಕಿದರೆ ಕಪ್ಪೆ ತಿನ್ನುತ್ತದೆ, ತಿಂದೂ ತಿಂದೂ ಸೊರಗುತ್ತದೆ. "ಬುಖ್ತಾ ತಿನ್ನೋದು ಜೀರುಂಡೆಯನ್ನಲ್ಲ ಕಣೆ, ಜೀರುಂಡೆ ಹೊಟ್ಟೇಲಿ ಇರೋದನ್ನ," ಎಂದು ಹಿನೆಕ್ ಆರೋಗ್ಯವಾಗಿದ್ದಾಗ ನೂರು ಸಲ ಹೇಳಿದ್ದ, ನಾನು ನೂರು ಸಲವೂ ಟಿವಿ ನೋಡುತ್ತ ಹ್ಞೂಂಗುಟ್ಟಿದ್ದೆ. ಈಗ ಎರಡು ದಿನ ಮುಂಚಿತವಾಗಿ ಅವುಗಳಿಗೆ ಔತಣ. ಮೊಟ್ಟೆಯ ರಟ್ಟಿನ ತಟ್ಟೆಗಳ ಮೇಲೆ ತುರಿದ ಕ್ಯಾರೆಟ್, ಕಾಡುಸೊಪ್ಪಿನ ಎಲೆ, ಓಟ್ಸ್ ಪುಡಿ, ಅದಕ್ಕೆ ಒಣಗಿಸಿದ ಕಾಡುಗುಲಾಬಿ ಕಾಯಿಯ ಪುಡಿ. ಹೊಟ್ಟೆ ಬಿರಿಯುವಂತೆ ತಿಂದ ಮೇಲೆ ಒಂದು ಲೋಟಕ್ಕೆ ಹಾಕಿ, ಸುಣ್ಣದ ಅಂಶದ ಬಿಳಿ ಪುಡಿ ಉದುರಿಸಿ ಅಲ್ಲಾಡಿಸಬೇಕು. ಹಿಟ್ಟಿನಲ್ಲಿ ಹೊರಳಿದ ಮೀನಿನ ಹಾಗೆ ಬೆಳ್ಳಗಾಗುತ್ತವೆ. ಆಮೇಲೆ ಇಕ್ಕಳದಲ್ಲಿ ಒಂದೊಂದೇ ಹಿಡಿದು ಮಹಾರಾಣಿಯ ಬಾಯಿಗೆ. ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ.

ಹಿಂದಿನ ವಾರ ಜೀರುಂಡೆ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಂದಷ್ಟು ಜೀರುಂಡೆಗಳು ಬಚ್ಚಲುಮನೆಯ ಪೈಪಿನ ಸಂದಿಯಿಂದ ಇಳಿದು ಕೆಳಗಿನ ಮನೆಗೆ ಹೋದವು. ಕೆಳಗಿನ ಮನೆ ಪಾನಿ, ಅಂದರೆ ಶ್ರೀಮತಿ, ಕುಬಾತೋವಾ ಅವರದು. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಮುನ್ನೂರು ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಹೆಂಗಸು, ಈಗ ನಮ್ಮ ಎಂಟು ಮಹಡಿಯ ಕಟ್ಟಡದ ಸಮಿತಿಗೆ ಅಧ್ಯಕ್ಷೆ. ಇಪ್ಪತ್ತೆರಡು ವರ್ಷದಿಂದ ಮೆಟ್ಟಿಲಲ್ಲಿ ಎದುರಾಗುತ್ತೇವೆ, ಇಂದಿಗೂ ಪಾನಿ, ನೀವು, ಹೋಗಿ, ಬನ್ನಿ. ಆಕೆ ನನ್ನ ಬಾಗಿಲು ಬಡಿದ ರೀತಿಯಲ್ಲೇ ವಿಷಯ ಗೊತ್ತಾಯಿತು.

"ಪಾನಿ ವ್ರಾನೋವಾ, ನನ್ನ ಕಮೋಡ್ ಹಿಂದೆ ಯಾರೋ ಪಿಟೀಲು ಕುಯ್ತಿದಾರೆ."

"ಕ್ಷಮಿಸಿ, ನಮ್ಮವೇ. ತಪ್ಪಿಸ್ಕೊಂಡಿವೆ."

"ಹಾಗಾದ್ರೆ ಬಂದು ಕರ್ಕೊಂಡು ಹೋಗಿ. ನನಗೆ ಸಂಗೀತದ ರುಚಿ ಇಲ್ಲ."

ಕರೆದರೆ ಬರುವ ಜಾತಿಯೇ ಅದು? ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವುದು ಕಷ್ಟ ಎನ್ನುತ್ತಾರೆ, ಹೇಳಿದವರು ಪೈಪಿನ ಹಿಂದೆ ಸೇರಿದ ಜೀರುಂಡೆ ಹಿಡಿದಿರಲಿಲ್ಲ. ನನಗೆ ಒಂದೂ ಸಿಗಲಿಲ್ಲ. ನಾಚಿಕೆಯಾಗಿ, ನಾನೇ ಕಾಯಿಸಿದ ಪ್ಲಮ್ ಜಾಮಿನ ಒಂದು ಜಾರ್ ಆಕೆಗೆ ಕೊಟ್ಟು ಬಂದೆ. ಆಕೆ ಜಾರನ್ನು ಬೆಳಕಿಗೆ ಹಿಡಿದು ನೋಡಿ, "ಸ್ವಲ್ಪ ತೆಳು," ಎಂದು ತೆಗೆದುಕೊಂಡರು.

ಶುಕ್ರವಾರ ಬೆಳಗ್ಗೆ ಮತ್ತೆ ಬಾಗಿಲು ಬಡಿಯಿತು. ಈ ಸಲ ಮೆಲ್ಲಗೆ. ಪಾನಿ ಕುಬಾತೋವಾ ಅದೇ ಜಾರ್ ಹಿಡಿದು ನಿಂತಿದ್ದರು. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ಒಳಗೆ ಏಳೋ ಎಂಟೋ ಜೀರುಂಡೆ.

"ಜಾಮ್ ಖಾಲಿಯಾಯ್ತು. ಬರೀ ಜಾರ್ ವಾಪಸ್ ಕೊಡೋದು ನಮ್ಮ ಮನೇಲಿ ಕಲಿಸಿಲ್ಲ," ಎಂದರು. "ನಿಮ್ಮ ಸಾಮಾನು ನಿಮಗೇ ತುಂಬಿ ತಂದಿದೀನಿ."

ನಮ್ಮ ಕಡೆ ಇದು ಕಟ್ಟಳೆ. ಕೊಟ್ಟ ಜಾರ್ ಖಾಲಿ ಬರಬಾರದು. ಒಂದು ಹಿಡಿ ಒಣಗಿದ ಅಣಬೆ, ನಾಲ್ಕು ಅಕ್ರೋಟು, ಏನಾದರೂ ಇರಬೇಕು. ಆದರೆ ಜೀರುಂಡೆ ತುಂಬಿ ಬಂದದ್ದನ್ನು ನಾನು ಅಂದೇ ನೋಡಿದ್ದು. ನನಗೆ ನಿಜವಾಗಿ ನಗು ಬಂತು. ಆಕೆಯೂ ತುಟಿಯ ಒಂದು ತುದಿಯಲ್ಲಿ ನಕ್ಕರು.

"ಹೇಗೆ ಹಿಡಿದ್ರಿ? ನನ್ನ ಕೈಗೆ ಒಂದೂ ಸಿಗಲಿಲ್ಲವಲ್ಲ."

"ಅಯ್ಯೋ, ಈಗ ತಾವಾಗೇ ಬಂದು ಟಬ್ಬಲ್ಲಿ ಕೂರ್ತವೆ. ಹಿಡಿದ್ರೆ ಓಡೋದೂ ಇಲ್ಲ. ಪಾಪ, ಚಳಿಗೆ ಪೆದ್ದಾಗಿವೆ ಅನ್ಸುತ್ತೆ. ನಾಳೆ ನಿಮ್ಮ ಯಜಮಾನ್ರು ಪಾನ್ ವ್ರಾನಾ ಬರ್ತಾರಂತಲ್ಲ, ಅವರ ಕಪ್ಪೆಗೆ ನನ್ನ ಕಡೆಯಿಂದ ಅಂತ ಹೇಳಿ."

ಕಣ್ಣಂಚು ಒದ್ದೆಯಾಯಿತು ಎಂದರೆ ನಗಬೇಡಿ. ಐದು ವಾರದಲ್ಲಿ ಆ ಕಟ್ಟಡದಲ್ಲಿ ಹಿನೆಕ್‌ನ ಹೆಸರು ಎತ್ತಿದ ಮೊದಲ ವ್ಯಕ್ತಿ ಆಕೆ. ನಾನು ಜಾರನ್ನು ನಮ್ಮ ಜೀರುಂಡೆ ಪೆಟ್ಟಿಗೆಗೆ ಬಗ್ಗಿಸಿದೆ. ಎಲ್ಲ ಒಂದೇ ಬಣ್ಣ, ಒಂದೇ ಗಾತ್ರ. ಕ್ಷಣದಲ್ಲಿ ಯಾವುದು ನಮ್ಮದು, ಯಾವುದು ಬಂದದ್ದು ಎಂದು ಗೊತ್ತಾಗದ ಹಾಗೆ ಬೆರೆತವು.

ಹತ್ತೂವರೆ ಹನ್ನೊಂದರ ಹೊತ್ತಿಗೆ ಬುಖ್ತಾಳಿಗೆ ಊಟ ಕೊಟ್ಟೆ. ಸಾಮಾನ್ಯವಾಗಿ ಸಂಜೆ ಕೊಡುವುದು, ಆದರೆ ಶುಕ್ರವಾರ ಸಂಜೆ ನನಗೆ ನಾಳೆಯ ಅಡುಗೆಯ ಕೆಲಸವಿತ್ತು. ಮೂರು ಜೀರುಂಡೆ ಲೋಟಕ್ಕೆ ಹಾಕಿ, ಪುಡಿ ಉದುರಿಸಿ, ಇಕ್ಕಳದಲ್ಲಿ ಹಿಡಿದೆ. ಅವಳು ಮೂರನ್ನೂ ಗಬಕ್ಕನೆ ನುಂಗಿ, ಪ್ರತಿ ಸಲವೂ ಕಣ್ಣು ಒಳಗೆಳೆದುಕೊಂಡು ಗಂಟಲಿಗೆ ತಳ್ಳಿದಳು. "ನಾಳೆ ನಿನ್ನ ಯಜಮಾನ ಬರ್ತಾನೆ, ಚೆನ್ನಾಗಿ ಕಾಣು," ಎಂದು ಹೇಳಿ ಗಾಜು ಮುಚ್ಚಿದೆ. ಮಾಂಸವನ್ನು ತರಕಾರಿಯ ಜೊತೆ ನೆನೆಹಾಕಿ, ಇನ್ನಷ್ಟು ಈರುಳ್ಳಿ ತರಲು ನೆಲಮಾಳಿಗೆಗೆ ಇಳಿದೆ.

ಮೆಟ್ಟಿಲಿನಲ್ಲಿ ಪಾನಿ ಕುಬಾತೋವಾ ಪೊರಕೆ ಹಿಡಿದಿದ್ದರು.

"ಕೇಳ್ತಿದೀರಾ ಪಾನಿ ವ್ರಾನೋವಾ? ಸದ್ದಿಲ್ಲ! ಎಷ್ಟು ನೆಮ್ಮದಿ. ಬುಧವಾರ ಬಂದಿದ್ದ ಆ ಮನುಷ್ಯ ಬಲು ಕೆಲಸದೋನು."

"ಯಾವ ಮನುಷ್ಯ?"

"ಅದೇ, ಹುಳದ ಔಷಧಿಯೋನು. ನೀವು ಬುಡೆಯೊವಿತ್ಸೆಗೆ ಹೋಗಿದ್ರಿ, ಅದಕ್ಕೆ ನಿಮ್ಮ ಮನೆ ಬಿಟ್ಟೋಯ್ತು. ಮಿಕ್ಕ ಮನೆಗಳಲ್ಲೆಲ್ಲ ಪೈಪಿನ ಸಂದೀಲಿ ಹಾಕಿದಾನೆ. ಸಿಹಿ ಅಂಟು ಥರ ಇರುತ್ತೆ, ಒಂದೊಂದು ಹನಿ. ಮದುವೆ ಊಟಕ್ಕೆ ಬಂದ ಹಾಗೆ ಬಂದು ತಿಂತವಂತೆ. ತಿಂದ್ಮೇಲೆ ಎರಡು ದಿನ ಓಡಾಡ್ಕೊಂಡಿದ್ದು..."

ಅಲ್ಲಿಗೆ ಆಕೆಯ ಮಾತು ನಿಂತಿತು. ನನ್ನ ಮುಖ ನೋಡಿ ನಿಂತಿತೋ, ತನ್ನ ಮಾತು ತನಗೇ ಕೇಳಿ ನಿಂತಿತೋ ಗೊತ್ತಿಲ್ಲ. ಪೆದ್ದಾಗಿವೆ, ಓಡುವುದೂ ಇಲ್ಲ. ಚಳಿಗಲ್ಲ.

ಈರುಳ್ಳಿ ಬುಟ್ಟಿಯನ್ನು ಅಲ್ಲೇ ಬಿಟ್ಟು ನಾಲ್ಕು ಮಹಡಿ ಹತ್ತಿದೆ. ಲಿಫ್ಟ್ ಇದೆ ಎನ್ನುವುದೇ ಮರೆತಿತ್ತು.

ಬುಖ್ತಾ ತನ್ನ ಕೊಂಬೆಯ ಮೇಲೆ ಇದ್ದಳು. ಹಸಿರಾಗಿಯೇ ಇದ್ದಳು. ಜೀರುಂಡೆ ಪೆಟ್ಟಿಗೆ ತೆರೆದೆ. ಮೊಟ್ಟೆ ತಟ್ಟೆಯ ಮೇಲೆ ಎರಡು ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದವು, ಒಂದು ಆಗಲೇ ಸತ್ತಿತ್ತು.

ಎವ್ಜೆನ್‌ಗೆ ಫೋನ್ ಮಾಡಿದೆ. ಅವನು ಹಿನೆಕ್‌ನ ಹಳೆಯ ಗೆಳೆಯ, ಪೀಸೆಕ್‌ನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದವನು. ಹೆಂಡತಿಗಿಂತ ಹಲ್ಲಿಗಳ ಜೊತೆ ಹೆಚ್ಚು ಬಾಳಿದವನು, ಅದಕ್ಕೇ ಹೆಂಡತಿ ಈಗ ಪ್ರಾಗ್‌ನಲ್ಲಿದ್ದಾಳೆ. ನಾನು ಒಂದೇ ಉಸಿರಿಗೆ ಹೇಳಿದ್ದನ್ನೆಲ್ಲ ಕೇಳಿ ಅವನು ಬೈಯಲಿಲ್ಲ. ಅವನು ಬೈಯದಿದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

"ಎಷ್ಟು ತಿಂದಳು?"

"ಮೂರು."

"ಬಂದವುಗಳಲ್ಲಿ ಮೂರೋ, ನಿಮ್ಮವೋ?"

"ಹೇಗೆ ಹೇಳ್ಲಿ ಎವ್ಜೆನ್? ಎಲ್ಲ ಒಂದೇ ಥರ ಇವೆ. ನಮ್ಮವು ಕ್ಯಾರೆಟ್ ತಿಂದಿದ್ದವು, ಹೊಟ್ಟೆ ಕೇಸರಿ ಇರುತ್ತೆ, ತಿರುಗಿಸಿ ನೋಡ್ಲಾ?"

"ಬಂದವೂ ಬೆಳಗ್ಗೆಯಿಂದ ಅದೇ ಕ್ಯಾರೆಟ್ ಮೇಲೆ ಕೂತಿವೆಯಲ್ಲಮ್ಮ. ಅದರಿಂದ ಏನೂ ಗೊತ್ತಾಗಲ್ಲ." ಮತ್ತೆ ಕೇಳಿದ: "ಪೆಟ್ಟಿಗೆಯಿಂದ ಯಾವುದನ್ನ ಆರಿಸ್ಕೊಂಡೆ?"

"ಆರಿಸೋದೇನು, ಕೈಗೆ ಸಿಕ್ಕಿದ್ದನ್ನ."

ಹೇಳಿದ ಮೇಲೆ ನನಗೇ ತಿಳಿಯಿತು. ಪ್ರತಿ ಸಲ ಒಂದು ಜೀರುಂಡೆ ಹಿಡಿಯಲು ನಾನು ಪೆಟ್ಟಿಗೆಯ ಸುತ್ತ ಕುಣಿಯುತ್ತಿದ್ದೆ. ಇಂದು ಮೂರೂ ತಟ್ಟೆಯ ಮೇಲೆಯೇ ಸುಮ್ಮನೆ ಕೂತಿದ್ದವು. ಎಷ್ಟು ಸುಲಭವಾಯಿತು ಎಂದು ನಾನು ಖುಷಿಯಿಂದ ಶಿಳ್ಳೆ ಕೂಡ ಹಾಕಿದ್ದೆ.

"ವ್ಲಸ್ತಾ," ಎಂದ ಎವ್ಜೆನ್ ಬೇರೆಯೇ ದನಿಯಲ್ಲಿ, "ಅಗಲವಾದ ಪಾತ್ರೇಲಿ ನಿನ್ನೆ ಹಿಡಿದಿಟ್ಟ ನೀರು ಹಾಕು, ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತೆ. ಅವಳ ಹೊಟ್ಟೆ ಮುಳುಗೋಷ್ಟು ಸಾಕು. ಮೆಲ್ಲಗೆ ಎತ್ತಿ ಕೂರಿಸು. ಪರದೆ ಎಳಿ. ನಾನು ಪ್ರಾಣಿಗಳ ಡಾಕ್ಟರ್‌ಗೆ ಫೋನ್ ಮಾಡಿ ನಿನಗೆ ಹೇಳ್ತೀನಿ."

ಅವನು ವಾಪಸ್ಸು ಹೇಳಿದ್ದು ಇಷ್ಟು: ಇದಕ್ಕೆ ಪ್ರತಿಮದ್ದು ಇಲ್ಲ. ಕಾರಿನಲ್ಲಿ ಕುಲುಕಿಸಿಕೊಂಡು ಒಯ್ದರೆ ದಾರಿಯಲ್ಲೇ ಹೋಗಬಹುದು. ನೀರಿನಲ್ಲಿಟ್ಟು ಕಾಯಬೇಕು. "ಅವಳ ಮೈಗೆ ತಾನೇನು ಮಾಡ್ಬೇಕು ಅಂತ ಗೊತ್ತಿದ್ರೆ ಮಾಡುತ್ತೆ. ನಿನ್ನ ಕೈ ನಿನ್ನ ಹತ್ರ ಇರಲಿ," ಎಂದ.

ಕಾಯುವುದು ನನ್ನ ಜಾಯಮಾನವಲ್ಲ. ಬಸ್ಸು ಓಡಿಸುವವರು ಬೇರೆಯವರನ್ನು ಕಾಯಿಸುತ್ತಾರೆ, ತಾವು ಕಾಯುವುದಿಲ್ಲ. ಮೇಜಿನ ಮೇಲೆ ಬಿಳಿ ಬೋಗುಣಿ, ಅದರಲ್ಲಿ ಬುಖ್ತಾ, ಎದುರಿಗೆ ನಾನು. ಬಾಗಿಲು ತೆರೆದೇ ಇತ್ತು. ಪಾನಿ ಕುಬಾತೋವಾ ಪೊರಕೆ ಹಿಡಿದುಕೊಂಡೇ ಒಳಗೆ ಬಂದರು.

"ನನಗೆ ಹೊಳೀಲೇ ಇಲ್ಲ. ದೇವರಾಣೆ ಹೊಳೀಲಿಲ್ಲ. ಹುಳ ಹುಳಾನೇ ಅಂತ..."

"ಎರಡು ಅಕ್ರೋಟು ಹಾಕಿ ಕೊಡೋಕೇನಾಗಿತ್ತು ನಿನಗೆ?" ಎಂದು ಕೂಗಿದೆ. "ಖಾಲಿ ಜಾರ್ ಕೊಟ್ಟಿದ್ರೆ ಯಾರು ನೇಣು ಹಾಕ್ತಿದ್ರು? ನಾಳೆ ಅವನು ಬಂದು ಕಪ್ಪೆ ಎಲ್ಲಿ ಅಂದ್ರೆ ನಾನೇನು ತೋರಿಸ್ಲಿ, ನಿನ್ನ ಜಾರಾ?"

ಇಪ್ಪತ್ತೆರಡು ವರ್ಷದ 'ನೀವು' ಹೀಗೆ ಹಾರಿಹೋಯಿತು. ಆಕೆ ಅದನ್ನು ಗಮನಿಸಲೂ ಇಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಹೋಗು ಎನ್ನಬೇಕೆಂದುಕೊಂಡೆ, ಆದರೆ ಒಬ್ಬಳೇ ಕೂರುವ ಧೈರ್ಯ ನನಗಿರಲಿಲ್ಲ.

ಬುಖ್ತಾಳ ಬಣ್ಣ ಇಳಿಯತೊಡಗಿತು. ಎಲೆ ಹಸಿರು ಹೋಗಿ ಪಾಚಿ ಬಣ್ಣ, ಪಾಚಿ ಹೋಗಿ ಕಂದು. ಒಂದು ಹಿಂಗಾಲು ತನ್ನಷ್ಟಕ್ಕೆ ಚಾಚಿಕೊಂಡು ನಡುಗಿತು, ಮತ್ತೆ ಒಳಗೆ ಸೇರಿತು. ಗಂಟಲು ಮಾತ್ರ ಪುಟುಪುಟು ಆಡುತ್ತಿತ್ತು. ನಾವಿಬ್ಬರೂ ಆ ಗಂಟಲನ್ನೇ ನೋಡುತ್ತಿದ್ದೆವು. ಅದು ಒಂದು ಕ್ಷಣ ನಿಂತರೆ ನಮ್ಮ ಉಸಿರೂ ನಿಲ್ಲುತ್ತಿತ್ತು.

ಆಗ ಫೋನ್ ಬಡಿದುಕೊಂಡಿತು. ಎವ್ಜೆನ್ ಅಲ್ಲ. ಹಿನೆಕ್. ಊಟ ಮುಗಿದಿತ್ತು, ಕಪ್ಪೆ ನೋಡುವ ಹೊತ್ತು.

"ತಗೋಬೇಡಿ," ಎಂದು ಪಿಸುಗುಟ್ಟಿದರು ಪಾನಿ ಕುಬಾತೋವಾ.

ತೆಗೆದುಕೊಳ್ಳದಿದ್ದರೆ ಅವನಿಗೆ ಗೊತ್ತಾಗುತ್ತದೆ. ತೆಗೆದುಕೊಂಡರೂ ಗೊತ್ತಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಬೋಗುಣಿಗೆ ಬೆನ್ನು ಹಾಕಿ ಎದ್ದು ನಿಂತು, ಫೋನನ್ನು ನನ್ನ ಮುಖಕ್ಕೇ ಹಿಡಿದು ಒತ್ತಿದೆ. ಅವನು ಕಾಣಿಸಿದ. ನಾಳೆಗೆಂದು ಯಾರೋ ಅವನ ಕೂದಲು ಕತ್ತರಿಸಿದ್ದರು, ಕಿವಿಗಳು ಎದ್ದು ಕಾಣುತ್ತಿದ್ದವು.

"ಬುಖ್ತಾ?" ಎಂದ.

"ಮಲಗಿದಾಳೆ ಹಿನೆಕ್. ಎಬ್ಬಿಸೋದು ಬೇಡ. ನಾಳೆ ಹೇಗೂ ಬರ್ತೀಯಲ್ಲ."

ಅವನು ನನ್ನ ಮುಖ ನೋಡಿದ. ನಾನು ನಕ್ಕೆ. ಮುಖದ ಮಾಂಸವೆಲ್ಲ ನೋಯುವ ಹಾಗೆ ನಕ್ಕೆ.

"ತಿ... ತಿಂದಳಾ?"

"ತಿಂದಳು. ಮೂರು ತಿಂದಳು."

ಹಿಂದಿನಿಂದ ಪಾನಿ ಕುಬಾತೋವಾ ಕಿರುಚಿದರು. ಅಂಥ ಕೂಗನ್ನು ಆ ಹೆಂಗಸಿನ ಬಾಯಿಂದ ನಾನು ಕೇಳಿರಲಿಲ್ಲ. ಹಿನೆಕ್‌ನ ಹುಬ್ಬು ಮೇಲೇರಿತು.

"ಸೂಪು ಉಕ್ತಿದೆ, ಆಮೇಲೆ ಮಾಡ್ತೀನಿ," ಎಂದು ಕಟ್ ಮಾಡಿ ತಿರುಗಿದೆ.

ಬುಖ್ತಾಳ ಬಾಯಿ ಅಗಲವಾಗಿ ತೆರೆದಿತ್ತು. ಬಾಯಿಯಿಂದ ಒಂದು ಗುಲಾಬಿ ಚೀಲ ಹೊರಗೆ ಬಂದು ಬಲಗಡೆಗೆ ಜೋತುಬಿದ್ದಿತ್ತು. ಒದ್ದೆ, ಹೊಳೆಯುವ, ರಕ್ತನಾಳಗಳು ಹರಿದಾಡುವ ಚೀಲ. ಹೊಟ್ಟೆಯೊಳಗೆ ಇರಬೇಕಾದದ್ದು ಹೊರಗಿತ್ತು.

"ಕರುಳು ಬಂತು! ಕರುಳೇ ಬಂತು ಅಯ್ಯೋ!" ಪಾನಿ ಕುಬಾತೋವಾ ಸುತ್ತ ನೋಡಿ ಒಲೆಯ ಪಕ್ಕದಿಂದ ಮರದ ಸೌಟು ಎತ್ತಿಕೊಂಡರು. "ಒಳಗೆ ತಳ್ಳಬೇಕು! ಒಣಗೋಕೆ ಮುಂಚೆ ತಳ್ಳಬೇಕು, ನೀವು ಅವಳ ತಲೆ ಹಿಡೀರಿ!"

ನನಗೂ ಅದೇ ಅನಿಸಿತು. ಸುಳ್ಳು ಹೇಳಲಾರೆ, ನನ್ನ ಕೈ ಆಗಲೇ ಬೋಗುಣಿಯ ಮೇಲಿತ್ತು. ಹೊರಬಿದ್ದದ್ದನ್ನು ಒಳಗಿಡಬೇಕು, ಬಿದ್ದವರನ್ನು ಎತ್ತಬೇಕು, ಇದು ಯಾರಿಗೆ ಗೊತ್ತಿಲ್ಲ? ಬೆರಳ ತುದಿ ಆ ಗುಲಾಬಿ ಚೀಲಕ್ಕೆ ತಾಗಲು ಇನ್ನೊಂದಿಷ್ಟು ಇತ್ತು. ಆಗ ಬುಖ್ತಾ ಬಲಗೈ ಎತ್ತಿದಳು.

ನಿಧಾನವಾಗಿ ಎತ್ತಿದಳು. ಕನ್ನಡಕ ಒರೆಸುವ ಮುದುಕನ ಹಾಗೆ, ತನ್ನ ಹೊಟ್ಟೆಯ ಚೀಲವನ್ನು ಒಂದು ಸಲ ಒರೆಸಿದಳು.

ನಾನು ಪಾನಿ ಕುಬಾತೋವಾರ ಮಣಿಕಟ್ಟು ಹಿಡಿದುಕೊಂಡೆ. "ಬಿಡು," ಎಂದೆ.

"ಸಾಯ್ತಾಳೆ ಕಣ್ರೀ!"

"ಬಿಡು ಅಂದೆ. ಏನೋ ಮಾಡ್ತಿದಾಳೆ."

ಆಕೆ ಸೌಟು ಎಳೆದರು, ನಾನು ಆಕೆಯ ಕೈ ಎಳೆದೆ. ಇಬ್ಬರು ಅರವತ್ತು ದಾಟಿದ ಹೆಂಗಸರು ಒಂದು ಕಪ್ಪೆಯ ಮೇಲೆ ಸೌಟಿಗಾಗಿ ಜಗ್ಗಾಡಿದೆವು. ಎಡಗೈಯಲ್ಲಿ ಎವ್ಜೆನ್‌ನ ನಂಬರ್ ಒತ್ತಿದೆ. ಅವನು ಹಲೋ ಎನ್ನುವ ಮೊದಲೇ ಕೂಗಿದೆ, "ಹೊಟ್ಟೆ ಆಚೆ ಹಾಕಿದಾಳೆ!"

"ಮುಟ್ಟಬೇಡ!" ಎಂದು ಅವನೂ ಕೂಗಿದ. "ಯಾರೂ ಮುಟ್ಟಬೇಡಿ! ತೊಳ್ಕೊಳ್ತಿದಾಳೆ! ವಾಂತಿ ಮಾಡೋಕೆ ಬರದೆ ಹೊಟ್ಟೆ ಚೀಲಾನೇ ಮಗುಚಿ ತೊಳ್ಕೊಳ್ತವೆ ಕಪ್ಪೆಗಳು! ನಾನು ಜೀವಮಾನದಲ್ಲಿ ಎರಡೇ ಸಲ ನೋಡಿರೋದು. ಏನಾದ್ರೂ ಬಿತ್ತಾ?"

ಬುಖ್ತಾ ಮತ್ತೆ ಒರೆಸಿದಳು. ಬಿಳಿ ಲೋಳೆಯ ಜೊತೆ ಒಂದು ಜೀರುಂಡೆ ನೀರಿಗೆ ಬಿತ್ತು. ಇನ್ನೂ ಸುಣ್ಣದ ಪುಡಿ ಅಂಟಿಕೊಂಡೇ ಇತ್ತು. ಒರೆಸಿದಳು. ಇನ್ನೊಂದು. ಆಮೇಲೆ ಕೈ ನಿಂತಿತು. ಅವಳ ಮೈ ಒಂದು ಕಡೆಗೆ ವಾಲಿತು. ಪಾನಿ ಕುಬಾತೋವಾ ಎಂದೂ ಚರ್ಚಿಗೆ ಹೋಗದವರು ಶಿಲುಬೆಯ ಗುರುತು ಹಾಕಿಕೊಂಡರು. ನಾನು ಬಸ್ ಡಿಪೋದಲ್ಲಿ ಕಲಿತ ಬೈಗುಳಗಳನ್ನೆಲ್ಲ ಒಂದೊಂದಾಗಿ ಮೆಲ್ಲಗೆ ಹೇಳತೊಡಗಿದೆ, ಏನನ್ನಾದರೂ ಹೇಳದೆ ಇರಲು ಆಗುತ್ತಿರಲಿಲ್ಲ. ಕಣ್ಣೆದುರಿಗೆ ಒಂದು ಜೀವ ಒದ್ದಾಡುವಾಗ ಕೈ ಕಟ್ಟಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ.

ಕೈ ಮತ್ತೆ ಎದ್ದಿತು. ಮೂರನೆಯದು ಬಿತ್ತು. ಬುಖ್ತಾ ಬಾಯಿ ಮುಚ್ಚಿ, ತೆರೆದು, ಕಣ್ಣುಗಳನ್ನು ಒಳಗೆಳೆದುಕೊಂಡು ನುಂಗಿದಳು. ಚೀಲ ಅರ್ಧ ಒಳಗೆ ಹೋಯಿತು. ಇನ್ನೊಮ್ಮೆ ನುಂಗಿದಳು. ಪೂರ್ತಿ ಹೋಯಿತು. ಏನೂ ಆಗಿಲ್ಲವೆಂಬಂತೆ ಬಾಯಿ ಮುಚ್ಚಿ ಕೂತಳು.

"ಮೂರೂ ಬಂತು," ಎಂದೆ ಫೋನಿಗೆ.

"ಜೀರುಂಡೆ ಬಂತು," ಎಂದ ಎವ್ಜೆನ್. "ಅಷ್ಟರೊಳಗೆ ಮೈಗೆ ಎಷ್ಟು ಸೇರಿದೆಯೋ ಗೊತ್ತಿಲ್ಲ. ನೀರು ಬದಲಾಯಿಸು. ನಾಳೆ ಬೆಳಗಾಗಲಿ, ಆಮೇಲೆ ನೋಡೋಣ."

ಜೀರುಂಡೆಗಳ ಪೆಟ್ಟಿಗೆಯನ್ನು ಹಾಗೇ ಫ್ರೀಜರ್‌ಗೆ ನೂಕಿದೆವು, ಹೆಪ್ಪುಗಟ್ಟಿಸಿ ಎಸೆಯಲು. ಪಾನಿ ಕುಬಾತೋವಾ ಬೋಗುಣಿಯ ನೀರು ಬದಲಿಸುವಾಗ ಅಳುತ್ತಿದ್ದರು. ನನಗೆ ಆಕೆಯ ಮೇಲೆ ಸಿಟ್ಟು ಉಳಿದಿರಲಿಲ್ಲ, ಸಮಾಧಾನ ಹೇಳುವ ಶಕ್ತಿಯೂ ಉಳಿದಿರಲಿಲ್ಲ. ರಾತ್ರಿ ಹೇಗೆ ಕಳೆಯಿತೆಂದು ಕೇಳಬೇಡಿ.

ಬೆಳಗ್ಗೆ ಬುಖ್ತಾ ಇನ್ನೂ ಕಂದಾಗಿಯೇ ಇದ್ದಳು. ಗಂಟಲು ಆಡುತ್ತಿತ್ತು. ಗಾಜಿನ ಪೆಟ್ಟಿಗೆಗೆ ವಾಪಸ್ಸು ಹಾಕಿದೆ. ಕೊಂಬೆ ಹತ್ತಲಿಲ್ಲ, ಕೆಳಗೆ ಪಾಚಿಯ ಮೇಲೆ ಚಪ್ಪಟೆಯಾಗಿ ಕೂತಳು. ಹಿನೆಕ್ ಒಮ್ಮೆ ನೋಡಿದರೆ ಸಾಕು, ಅವಳ ಬಣ್ಣವೇ ಅವನಿಗೆ ಎಲ್ಲ ಹೇಳಿಬಿಡುತ್ತ‌ದೆ. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸೋಣವೆಂದು ಟೇಬಲ್ ಕ್ಲಾತ್ ತಂದು, ಮತ್ತೆ ತೆಗೆದಿಟ್ಟೆ.

ಆಂಬುಲೆನ್ಸ್‌ನವರು ಅವನನ್ನು ಲಿಫ್ಟ್‌ನಿಂದ ಬಾಗಿಲ ತನಕ ತಂದು ಬಿಟ್ಟು ಹೋದರು. ಎಡಗೈಯಲ್ಲಿ ಊರುಗೋಲು. ಕೋಟು ತೆಗೆಯಲಿಲ್ಲ, ಟೋಪಿ ತೆಗೆಯಲಿಲ್ಲ, ನೇರ ಗಾಜಿನ ಪೆಟ್ಟಿಗೆಯ ಕಡೆ ಕಾಲು ಎಳೆಯುತ್ತ ಹೋದ. ನಾನು ಅಡ್ಡ ಬಂದು ನಿಂತೆ.

"ನೋಡೋಕೆ ಮುಂಚೆ ಕೇಳು ಹಿನೆಕ್. ನಿನ್ನೆ ನಿನಗೆ ಸುಳ್ಳು ಹೇಳಿದೆ." ಜಾರಿನಿಂದ ಹಿಡಿದು ಸೌಟಿನ ತನಕ ಎಲ್ಲವನ್ನೂ ಹೇಳಿದೆ. "ಬದುಕ್ತಾಳೋ ಇಲ್ವೋ ನನಗೆ ಗೊತ್ತಿಲ್ಲ. ಎವ್ಜೆನ್‌ಗೂ ಗೊತ್ತಿಲ್ಲ."

ಅವನು ಊರುಗೋಲಿನಿಂದ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಗಾಜಿಗೆ ಮುಖ ತಾಗಿಸಿ ಬಾಗಿದ. ಬುಖ್ತಾ ಅಲುಗಲಿಲ್ಲ. ಅವನು ಕಾದ. ಎಷ್ಟೋ ಹೊತ್ತಾದ ಮೇಲೆ ಅವಳು ಒಂದು ಕೈ ಮುಂದಿಟ್ಟಳು, ಇನ್ನೊಂದು ಕೈ ಇಟ್ಟಳು, ಗಾಜಿಗೆ ಬೆರಳು ಅಂಟಿಸಿ ಎದೆ ಎತ್ತಿದಳು. ಹೊಟ್ಟೆಯ ಪಕ್ಕದಲ್ಲಿ, ತೋಳಿನ ಕೆಳಗೆ, ಹಸಿರು ಮರಳುತ್ತಿತ್ತು.

ಹಿನೆಕ್ ನೆಟ್ಟಗಾಗಿ ನನ್ನ ಕಡೆ ತಿರುಗಿದ. ಬಾಯಿ ತೆರೆದ. ಮಾತು ಬರಲಿಲ್ಲ. ತುಟಿ ಒಂದು ಕಡೆಗೆ ಎಳೆಯಿತು, ಕತ್ತಿನ ನರ ಉಬ್ಬಿತು. ಐದು ವಾರದಿಂದ ಅವನನ್ನು ನೋಡಲು ಹೋಗಿ ಹೀಗಾದಾಗಲೆಲ್ಲ ಅವನ ಬಾಯಿಗೆ ನಾನೇ ಮಾತು ತುರುಕುತ್ತಿದ್ದೆ. ನೀರಾ? ಕಿಟಕಿ ಮುಚ್ಚಲಾ? ಬುಖ್ತಾನಾ? ಅವನು ಸುಸ್ತಾಗಿ ತಲೆಯಾಡಿಸುತ್ತಿದ್ದ. ಈಗಲೂ ಅವನು ಕೇಳಲು ಹೊರಟದ್ದು ನನಗೆ ಗೊತ್ತಿತ್ತು: ಆಮೇಲೆ ಅವಳು ಏನಾದರೂ ತಿಂದಳಾ? ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹಲ್ಲು ಕಚ್ಚಿ, ಎರಡೂ ಕೈಗಳನ್ನು ಏಪ್ರನ್‌ನಲ್ಲಿ ಸುತ್ತಿಕೊಂಡು ನಿಂತೆ.

"ನೀ..." ಎಂದ. ನಿಂತ. ಮತ್ತೆ ಶುರುಮಾಡಿದ. "ನೀನು..."

ನಾನು ಕಾದೆ.

"ನೀನು... ಏನಾದ್ರೂ... ತಿಂದ್ಯಾ?"

ಶುಕ್ರವಾರ ಬೆಳಗಿನ ಕಾಫಿಯಾದ ಮೇಲೆ ನಾನು ಏನೂ ತಿಂದಿರಲಿಲ್ಲ. ಅವನು ಕೇಳುವ ತನಕ ಅದು ನನಗೇ ಗೊತ್ತಿರಲಿಲ್ಲ. ಸಿಟ್ಟು ಬಂತು, ನಿಂತಲ್ಲೇ ಅತ್ತುಬಿಟ್ಟೆ.

"ಇಲ್ಲ ಕಣೋ," ಎಂದೆ.

ಅವನು ಕಾಲೆಳೆಯುತ್ತ ಅಡುಗೆಮನೆಗೆ ಹೋದ. ಊರುಗೋಲನ್ನು ಮೇಜಿಗೆ ಒರಗಿಸಿ, ಎಡಗೈಯಿಂದ ನನಗೊಂದು ಕುರ್ಚಿ ಎಳೆಯತೊಡಗಿದ. ಕುರ್ಚಿಯ ಕಾಲು ಚಾಪೆಗೆ ಸಿಕ್ಕಿಕೊಂಡಿತು, ಬಿಡಿಸಿದ, ಮತ್ತೆ ಸಿಕ್ಕಿಕೊಂಡಿತು. ಬಹಳ ಹೊತ್ತು ಹಿಡಿಯಿತು. ನಾನು ಕೈ ಹಾಕಲಿಲ್ಲ.